ವಲಿಯಪರಂಬಕ್ಕೆ ಕಾರಿನಲ್ಲಿ ಹೋಗಬೇಡಿ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ನಾವು ತಿರುಗಾಟ ಅಂದ ಕೂಡಲೇ ಮಂಗಳೂರಿನತ್ತ ಹೊರಡುತ್ತೇವೆ. ದಕ್ಷಿಣಕ್ಕೆ ಹೋದರೂ ಬೇಕಲ ಕೋಟೆ ನೋಡಿ ವಾಪಸ್. ಬೇಕಲ ದಾಟಿ ಇನ್ನೂ ಕೆಳಗೆ ಹೋದರೆ, ಕಣ್ಣೂರು ಜಿಲ್ಲೆ ಶುರುವಾಗುವ ಹೊತ್ತಿಗೆ, ನಮ್ಮದೇ ಕಾಸರಗೋಡು ಜಿಲ್ಲೆಯಲ್ಲಿ ವಲಿಯಪರಂಬ ಅಂತ ಒಂದು ದ್ವೀಪ ಇದೆ. ನನಗೆ ತುಂಬಾ ಇಷ್ಟದ ಜಾಗ. ಆದರೆ ಹೋಗಿ ಬಂದ ಹಲವರು "ಏನಿಲ್ಲ, ಬರೀ ತೆಂಗಿನ ತೋಟ" ಅನ್ನುತ್ತಾರೆ. ಕೇಳಿದರೆ ಹೋದದ್ದು ಕಾರಿನಲ್ಲಿ!

ಮೊದಲು ಅದರ ಆಕಾರ ನೋಡಿ. ಉದ್ದ ಸುಮಾರು 24 ಕಿ.ಮೀ., ಇಡೀ ಪಂಚಾಯತ್ ಸೇರಿಸಿದರೂ ವಿಸ್ತೀರ್ಣ 16 ಚದರ ಕಿ.ಮೀ. ಆಸುಪಾಸು. ಅಂದರೆ ಸರಾಸರಿ ಅಗಲ ಮುಕ್ಕಾಲು ಕಿಲೋಮೀಟರ್ ಕೂಡ ಇಲ್ಲ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಕವ್ವಾಯಿ ಕಾಯಲ್, ಉತ್ತರ ಕೇರಳದ ಅತಿ ದೊಡ್ಡ ಹಿನ್ನೀರು ಇದೇ. ನಡುವೆ ಹಗ್ಗ ಎಳೆದ ಹಾಗೆ ಮರಳಿನ ಪಟ್ಟಿ. ಇಂಥ ಕಡೆ ಉದ್ದಕ್ಕೆ ಕಾರು ಓಡಿಸಿದರೆ ಎರಡೂ ಬದಿಗೆ ತೆಂಗು ಮತ್ತು ಮನೆಗಳ ಕಾಂಪೌಂಡು ಮಾತ್ರ ಕಾಣುತ್ತದೆ. ಅಡ್ಡಕ್ಕೆ ನಡೆಯಬೇಕು. ಬೋಟಿನಿಂದ ಇಳಿದು, ಮನೆಗಳ ನಡುವಿನ ಕಾಲುದಾರಿಯಲ್ಲಿ ಸುಮ್ನೆ ಪಶ್ಚಿಮಕ್ಕೆ ಹೋದರೆ ಸಾಕು. ಕಿರಿದಾದ ಕಡೆ ಕಾಯಲಿನ ಸದ್ದಿಲ್ಲದ ನೀರು ಇನ್ನೂ ಬೆನ್ನ ಹಿಂದೆ ಇರುವಾಗಲೇ ಎದುರಿನಿಂದ ಸಮುದ್ರದ ಮೊರೆತ ಕೇಳಿಸುತ್ತದೆ.

ದಾರಿ ತಪ್ಪುವ ಭಯ ಇಲ್ಲ. ದಕ್ಷಿಣದಲ್ಲಿ 286 ಮೀಟರ್ ಎತ್ತರದ ಏಳಿಮಲೆ ಇದೆ, ನೌಕಾಪಡೆಯ ಅಕಾಡೆಮಿ ಇರುವ ಗುಡ್ಡ. ಸಮುದ್ರದ ಬದಿಗೆ ಬಂದು ನೋಡಿದರೆ ಅದು ಕಾಣುತ್ತದೆ. ಅದು ಎದುರಿಗಿದ್ದರೆ ನೀವು ತೆಂಕಕ್ಕೆ ಹೋಗುತ್ತಿದ್ದೀರಿ, ಅಷ್ಟೇ.

ಹೋಗುವುದು ಸುಲಭ. ಮಂಗಳೂರು–ಕಣ್ಣೂರು ಪ್ಯಾಸೆಂಜರ್ ಹಿಡಿದು ತೃಕ್ಕರಿಪುರದಲ್ಲಿ ಇಳಿದು, ರಿಕ್ಷಾದಲ್ಲಿ ಆಯಿಟ್ಟಿ ಜೆಟ್ಟಿಗೆ ಹೋಗಿ. ಅಲ್ಲಿಂದ ಕೇರಳ ಸರಕಾರದ ಜಲಸಾರಿಗೆ ಬೋಟು. ಶಾಲೆ ಮಕ್ಕಳು, ಮೀನು ಮಾರುವ ಹೆಂಗಸರು, ಅಕ್ಕಿ ಚೀಲ ಎಲ್ಲ ಅದರಲ್ಲೇ. ಇಳಿಯುವ ಮೊದಲು "ಏಟ್ಟಾ, ವಾಪಸ್ ಲಾಸ್ಟ್ ಬೋಟ್ ಎಪ್ಪ?" (ಅಣ್ಣಾ, ವಾಪಸ್ ಕೊನೆಯ ಬೋಟು ಯಾವಾಗ?) ಅಂತ ಕೇಳಿಯೇ ಇಳಿಯಿರಿ. ಸಮಯ ಬದಲಾಗುತ್ತಾ ಇರುತ್ತದೆ, ಗೋಡೆಯ ಬೋರ್ಡಿಗಿಂತ ಬೋಟಿನವರ ಮಾತೇ ಗಟ್ಟಿ. ನೀಲೇಶ್ವರದ ಕೋಟಪ್ಪುರದಿಂದ ಹೌಸ್‌ಬೋಟುಗಳೂ ಇವೆ, ದೊಡ್ಡ ಕುಟುಂಬ ಇದ್ದರೆ ಒಳ್ಳೆಯದೇ. ಆದರೆ ಊರನ್ನು ನೋಡಬೇಕಾದರೆ ಊರಿನವರ ಬೋಟೇ ಆಗಬೇಕು.

ಕಾಯಲಿನಲ್ಲಿ ಅಲ್ಲಲ್ಲಿ ಬಿದಿರಿನ ಕಂಬಗಳ ಚಪ್ಪರ ಕಾಣುತ್ತದೆ. ಅದು ಕಲ್ಲುಮ್ಮಕ್ಕಾಯಿ ಕೃಷಿ, ಅಂದರೆ ನಮ್ಮ ಪಚ್ಚಿಲೆ, ತಿನ್ನುವ ಒಂದು ಬಗೆಯ ಚಿಪ್ಪುಜೀವಿ. 1990ರ ದಶಕದ ಕೊನೆಯಿಂದ ಈ ಕಡೆ ಜೋರಾಗಿ ಬೆಳೆಯಿತು, ಇದರಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಬಹಳ. ಸಣ್ಣ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಕೆಲವು ವಾರದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಮರಿಗಳು ತಾವೇ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಮಳೆ ಬಂದು ಹೊಳೆಗಳ ಸಿಹಿನೀರು ಕಾಯಲಿಗೆ ತುಂಬಿದರೆ ಉಪ್ಪು ಕಡಿಮೆಯಾಗಿ ಅವು ಸಾಯುತ್ತವೆ. ಹಾಗಾಗಿ ಮಳೆಗಾಲಕ್ಕೆ ಮೊದಲೇ ಕೊಯ್ಲು. ಬಾಡಿಗೆ ದೋಣಿ ಮಾಡಿದವರು ಫೋಟೋಕ್ಕಾಗಿ ಆ ಕಂಬಗಳ ನಡುವೆ ನುಗ್ಗಿಸಲು ಹೇಳಬೇಡಿ. ಒಂದು ಹಗ್ಗ ತುಂಡಾದರೆ ಒಬ್ಬರ ತಿಂಗಳುಗಟ್ಟಲೆಯ ದುಡಿಮೆ ನೀರಿಗೆ.

ಕಾರು ಬೇಡ ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಉತ್ತರದಲ್ಲಿ ಮಾವಿಲಕಡಪ್ಪುರದ ಕಡೆ ಸೇತುವೆ ಇದೆ, ಅದು ಅಲ್ಲಿಯವರಿಗೆ ನಿಜಕ್ಕೂ ಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ದೋಣಿ ಹುಡುಕುವ ಕಷ್ಟ ಯಾರಿಗೂ ಬೇಡ ಅಲ್ವಾ? ಆದರೆ ಒಳಗಿನ ರಸ್ತೆ ಸಣ್ಣದು. ಭಾನುವಾರ ನಮ್ಮ ಕಾರುಗಳು ಅಂಚಿಗೆ ನಿಂತರೆ ಅವರ ಆಂಬುಲೆನ್ಸಿಗೆ ದಾರಿ ಇಲ್ಲ.

ಹೋಗುವುದಾದರೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಮಳೆಗಾಲದಲ್ಲಿ ಸಮುದ್ರದ ಬದಿಗೆ ಇಳಿಯಲೇಬೇಡಿ. ಮತ್ತೆ, ಬೆಳಗ್ಗಿನ ರೈಲಿನಲ್ಲೇ ಹೊರಡಿ, ಮಧ್ಯಾಹ್ನದ ಮರಳು ಚಪ್ಪಲಿಯ ಒಳಗೂ ಸುಡುತ್ತದೆ.