ತಿಕ್ಕದ ಬೆಳ್ಳಿ: 1827ರ ಒಂದು ಅರ್ಧ ಡಾಲರ್

ಕಳೆದ ತಿಂಗಳು ನಾಣ್ಯ ಮೇಳವೊಂದರಲ್ಲಿ ಅಮೆರಿಕದ 1827ರ ಎರಡು ಬೆಳ್ಳಿಯ ಅರ್ಧ ಡಾಲರುಗಳು ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿದ್ದವು. ಒಂದು ಆಗತಾನೆ ತೊಳೆದಿಟ್ಟ ಪೂಜೆಯ ತಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಲಕೋಟೆಯ ಮೇಲೆ ‘ಎಯು’, ಅಂದರೆ ‘ಬಹುತೇಕ ಚಲಾವಣೆಯಾಗದ್ದು’ ಎಂದು ಬರೆದಿತ್ತು. ಇನ್ನೊಂದು ಬೂದು ಬಣ್ಣದ್ದು, ಅಕ್ಷರಗಳ ಸುತ್ತ ಕಪ್ಪುಗಟ್ಟಿದ್ದು. ಅದಕ್ಕೆ ಒಂದು ಮೆಟ್ಟಿಲು ಕೆಳಗಿನ ದರ್ಜೆ ಬರೆದು ಬೆಲೆಯನ್ನೂ ಕಡಿಮೆ ಇಟ್ಟಿದ್ದರು. ನಾನು ಎರಡನೆಯದನ್ನು ಕೊಂಡೆ. ಒಂದು ವರ್ಷದ ಹಿಂದಾಗಿದ್ದರೆ ಮೊದಲನೆಯದನ್ನೇ ಕೊಳ್ಳುತ್ತಿದ್ದೆ. ಅಂಥದ್ದೇ ಒಂದು ಬೆಳ್ಳನೆಯ ನಾಣ್ಯವನ್ನು ಆಗ ಕೊಂಡು ಮನೆಗೆ ತಂದ ಮೇಲೆ ಪಟ್ಟ ಸಂಕಟವೇ ಈ ವಿಷಯವನ್ನು ಸರಿಯಾಗಿ ಕಲಿಯುವಂತೆ ಮಾಡಿತು.

ಜಾನ್ ರೈಕ್ ಕೆತ್ತಿದ ಈ ವಿನ್ಯಾಸ, ಟೋಪಿ ಧರಿಸಿದ ಸ್ವಾತಂತ್ರ್ಯದೇವಿಯದು, 1807ರಿಂದ 1836ರವರೆಗೆ ಫಿಲಡೆಲ್ಫಿಯಾ ಟಂಕಸಾಲೆಯಿಂದ ಹೊರಬಂದಿತು. 1804ರ ನಂತರ ಹಲವು ದಶಕ ಬೆಳ್ಳಿ ಡಾಲರುಗಳು ಚಲಾವಣೆಗೆ ಬಾರದ ಕಾರಣ ಬ್ಯಾಂಕುಗಳು ತಮ್ಮ ಮೀಸಲು ಹಣವನ್ನು ಅರ್ಧ ಡಾಲರುಗಳ ಚೀಲಗಳಲ್ಲಿಯೇ ಇಟ್ಟುಕೊಂಡವು. ಚೀಲದಿಂದ ಚೀಲಕ್ಕೆ ಎಣಿಕೆಯಾಗಿ ಹೋದವೇ ಹೊರತು ಕೈಯಿಂದ ಕೈಗೆ ಅಷ್ಟಾಗಿ ಓಡಾಡಲಿಲ್ಲ. ಆದ್ದರಿಂದಲೇ ಸುಮಾರು ಎರಡು ಶತಮಾನ ಕಳೆದರೂ ಒಳ್ಳೆಯ ಸ್ಥಿತಿಯ ನಾಣ್ಯಗಳು ಇಂದಿಗೂ ಸಿಗುತ್ತವೆ, ಮತ್ತು ಅವುಗಳಲ್ಲಿ ಬಹಳಷ್ಟು ನಾಣ್ಯಗಳನ್ನು ಯಾರೋ ಒಬ್ಬರು ಎಂದೋ ಒಮ್ಮೆ ತಿಕ್ಕಿ ಹಾಳುಮಾಡಿರುತ್ತಾರೆ.

ದರ್ಜೆ ನಿರ್ಧರಿಸುವಲ್ಲಿ ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಅಚ್ಚಿನ ಏಟು. ಆ ಕಾಲದಲ್ಲಿ ಮನುಷ್ಯರೇ ತಿರುಗಿಸುವ ತಿರುಪಿನ ಯಂತ್ರದಿಂದ ಅಚ್ಚು ಒತ್ತುತ್ತಿದ್ದರು. ಉಗಿಯಂತ್ರ ಬಂದದ್ದು 1836ರಲ್ಲಿ. ಒಂದೊಂದು ಏಟಿನ ಬಲ ಒಂದೊಂದು ರೀತಿ ಇರುತ್ತಿತ್ತು. ದೇವಿಯ ಎದೆಯ ಮೇಲಿನ ಬಟ್ಟೆ ಮತ್ತು ಅದರ ಕೊಂಡಿ ಇರುವ ಜಾಗದ ಬೆನ್ನಿಗೇ ಹಿಂಬದಿಯಲ್ಲಿ ಲ್ಯಾಟಿನ್ ಘೋಷವಾಕ್ಯದ ಪಟ್ಟಿ ಬರುತ್ತದೆ, ಎರಡೂ ಕಡೆಯ ಹಳ್ಳಗಳಿಗೆ ಲೋಹ ಒಂದೇ ಏಟಿಗೆ ತುಂಬಿಕೊಳ್ಳಬೇಕಾದ್ದರಿಂದ ಹಲವು ನಾಣ್ಯಗಳಲ್ಲಿ ಕೊಂಡಿಯೂ ಘೋಷವಾಕ್ಯದ ಅಕ್ಷರಗಳೂ ಹುಟ್ಟಿನಿಂದಲೇ ಮಸುಕಾಗಿರುತ್ತವೆ. ಪ್ರತಿ ನಕ್ಷತ್ರದ ನಡುಭಾಗದ ಗೆರೆಗಳೂ ಹಾಗೆಯೇ. ಇದನ್ನು ಸವೆತವೆಂದು ಭಾವಿಸಿ ದರ್ಜೆ ಇಳಿಸುವುದು ತಪ್ಪು. ಸವೆದ ಜಾಗ ನುಣುಪಾಗಿದ್ದು, ಸುತ್ತಲಿನ ಬಣ್ಣಕ್ಕಿಂತ ಬೇರೆಯಾದ ಮಂಕು ಬೂದಿಗೆ ತಿರುಗಿರುತ್ತದೆ. ಏಟು ಸಾಲದ ಜಾಗದಲ್ಲಾದರೋ ಬಿಲ್ಲೆಯ, ಅಂದರೆ ಅಚ್ಚು ಬೀಳುವ ಮೊದಲಿನ ಬರಿಯ ಲೋಹದ ತುಂಡಿನ, ಮೂಲ ಒರಟು ಹಾಗೆಯೇ ಉಳಿದು, ಹೊಳಪು ಅದರ ಮೇಲೂ ಕಡಿಯದೆ ಹರಿಯುತ್ತದೆ. ನಾನು ಕೊಂಡ ನಾಣ್ಯದಲ್ಲಿ ಘೋಷವಾಕ್ಯದ ಮೂರು ನಾಲ್ಕು ಅಕ್ಷರಗಳು ಕಾಣುವುದೇ ಇಲ್ಲ. ಆದರೆ ನಿಜವಾಗಿ ಸವೆಯಬೇಕಾದ ಎತ್ತರಗಳಲ್ಲಿ, ಅಂದರೆ ಕಿವಿಯ ಮೇಲಿನ ಕೂದಲು, ಟೋಪಿಯ ಮಡಿಕೆ, ಹದ್ದಿನ ರೆಕ್ಕೆಯ ಮೇಲಂಚು ಮತ್ತು ಕಾಲುಗುರುಗಳಲ್ಲಿ, ಕೆಲಸ ಇನ್ನೂ ಗಟ್ಟಿಯಾಗಿ ನಿಂತಿದೆ.

ಇಷ್ಟಾದರೂ ದರ್ಜೆ ಎರಡನೆಯ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದದ್ದು, ಈ ಮೇಲ್ಮೈ ಮುಟ್ಟದೆ ಉಳಿದದ್ದೇ ಎಂಬುದು. ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ಅಮ್ಮ ದೀಪ, ಆರತಿ ತಟ್ಟೆ, ಪಂಚಪಾತ್ರೆಗಳನ್ನೆಲ್ಲ ಮುಂದಿಟ್ಟುಕೊಂಡು ವಿಭೂತಿ ಹಚ್ಚಿ ತಿಕ್ಕುತ್ತಿದ್ದರು. ಕಪ್ಪಾದ ಬೆಳ್ಳಿಯನ್ನು ಹಾಗೇ ಬಿಡುವುದೆಂದರೆ ನಮ್ಮ ಕೈಗೆ ಒಗ್ಗದ ಮಾತು. ದೀಪಕ್ಕೆ ಅದು ಸಲ್ಲುತ್ತದೆ, ನಾಣ್ಯಕ್ಕೆ ಸಲ್ಲುವುದಿಲ್ಲ. ಅಚ್ಚು ಒತ್ತುವಾಗ ಲೋಹ ನಡುವಿನಿಂದ ಅಂಚಿನತ್ತ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಉಳಿಸುತ್ತದೆ, ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ ತಿರುಗಿಸಿದಾಗ ಗಾಡಿಯ ಚಕ್ರದ ಕಡ್ಡಿಗಳಂತೆ ಸುತ್ತುವ ಬೆಳಕು ಆ ಗೆರೆಗಳದ್ದು. ಪುಡಿಯಿಂದ ತಿಕ್ಕಿದರೂ, ಆಮ್ಲದ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿದರೂ ಆ ಗೆರೆಗಳು ಅಳಿಸಿಹೋಗುತ್ತವೆ. ಆಮೇಲೆ ನಾಣ್ಯ ಹೊಳೆಯುತ್ತದೆ ನಿಜ, ಆದರೆ ಬೆಳಕು ಸುತ್ತುವುದಿಲ್ಲ, ಒಂದೇ ಕಡೆ ಸಪ್ಪೆಯಾಗಿ ನಿಲ್ಲುತ್ತದೆ.

ಮೇಜಿನ ಮೇಲಿದ್ದ ಬೆಳ್ಳನೆಯ ನಾಣ್ಯವನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದಾಗ ದೇವಿಯ ಮುಖದ ಮುಂದಿನ ಬಯಲಿನಲ್ಲಿ ಒಂದೇ ದಿಕ್ಕಿಗೆ ಹೋಗುವ ಕೂದಲೆಳೆಯಂಥ ಗೀರುಗಳು ಗುಂಪಾಗಿ ಕಂಡವು. ಬಟ್ಟೆಯಿಂದ ಒರೆಸಿದ ಗುರುತು ಅದು. ನಕ್ಷತ್ರಗಳ ಬುಡದಲ್ಲಿ ಕೊಳೆಯ ಒಂದು ಚುಕ್ಕೆಯೂ ಇರಲಿಲ್ಲ, ಎರಡು ನೂರು ವರ್ಷ ಹತ್ತಿರ ಬಂದ ಬೆಳ್ಳಿಗೆ ಅಂಥ ಶುಚಿತ್ವ ಸಹಜವಲ್ಲ. ಬೂದು ನಾಣ್ಯದಲ್ಲಿ ಕಪ್ಪು ಇರಬೇಕಾದಲ್ಲೇ ಇತ್ತು: ಬೆರಳು ತಾಗದ ಮೂಲೆಗಳಲ್ಲಿ, ಅಕ್ಷರಗಳ ಸಂದಿಯಲ್ಲಿ, ಅಂಚಿನ ಒಳಮಗ್ಗುಲಲ್ಲಿ ದಟ್ಟವಾಗಿ, ಎತ್ತರಗಳಲ್ಲಿ ತೆಳುವಾಗಿ, ನಕ್ಷತ್ರಗಳ ಸುತ್ತ ಆ ಬೂದಿನ ಕೆಳಗಿನಿಂದ ಮೂಲ ಹೊಳಪು ಮಿನುಗುತ್ತಿತ್ತು. ಕೃತಕವಾಗಿ ಏರಿಸಿದ ಬಣ್ಣ ಹೀಗೆ ಜಾಗ ನೋಡಿ ಕೂರುವುದಿಲ್ಲ, ಗೀರುಗಳ ಮೇಲೆಯೂ ಎತ್ತರಗಳ ಮೇಲೆಯೂ ಒಂದೇ ಸಮನೆ ಹರಡುತ್ತದೆ.

ಅಂಚನ್ನು ನೋಡದೆ ಯಾರೂ ಹಣ ಕೊಡಬಾರದು. ಬಿಲ್ಲೆಯನ್ನು ಅಚ್ಚಿಗೆ ಇಡುವ ಮೊದಲೇ ಎರಡು ಪಟ್ಟಿಗಳ ನಡುವೆ ಉರುಳಿಸಿ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಎಂಬ ಅಕ್ಷರಗಳನ್ನು ಒತ್ತುತ್ತಿದ್ದರು, ಆದ್ದರಿಂದ ಅವು ಅಲ್ಲಲ್ಲಿ ಚಪ್ಪಟೆಯಾಗಿಯೂ ಒಂದರ ಮೇಲೊಂದು ಬಿದ್ದೂ ಇರಬಹುದು. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಜೋಡಣೆಯ ಗೆರೆಯೂ ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳೂ ಕಾಣುತ್ತವೆ. ನಿಗದಿಯಾದ ತೂಕ 208 ಗ್ರೇನ್, ಅಂದರೆ 13.48 ಗ್ರಾಂ, ನನ್ನದು ತಕ್ಕಡಿಯಲ್ಲಿ 13.39 ತೂಗಿತು, ಸವೆತಕ್ಕೆ ಅದು ಸರಿಹೋಗುತ್ತದೆ. 1827ಕ್ಕೆ ನಲವತ್ತಕ್ಕೂ ಹೆಚ್ಚು ಅಚ್ಚುಜೋಡಿಗಳನ್ನು, ಅಂದರೆ ಮುಂಬದಿಯ ಮತ್ತು ಹಿಂಬದಿಯ ಅಚ್ಚುಗಳ ಬೇರೆ ಬೇರೆ ಜೊತೆಗಳನ್ನು, ಸಂಗ್ರಹಕಾರರು ಗುರುತಿಸಿದ್ದಾರೆ, ಹಾಗಾಗಿ ಅನುಮಾನ ಬಂದರೆ ನಕ್ಷತ್ರಗಳ ಮತ್ತು ಇಸವಿಯ ಅಂಕೆಗಳ ಸ್ಥಾನವನ್ನು ಪರಿಚಿತ ಜೋಡಿಯೊಂದಕ್ಕೆ ಹೋಲಿಸಿ ನೋಡಬಹುದು. ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನನ್ನ ನಾಣ್ಯದ ಬಲಗಡೆಯ ನಕ್ಷತ್ರಗಳನ್ನು ಹಾದು ಒಂದು ತೆಳುಗೆರೆ ಹೋಗುತ್ತದೆ. ಮೊದಲು ಗೀರೆಂದುಕೊಂಡೆ, ಓರೆ ಬೆಳಕಿಗೆ ಹಿಡಿದಾಗ ಅದು ತಗ್ಗಲ್ಲ, ಉಬ್ಬು ಎಂದು ಗೊತ್ತಾಯಿತು: ಅಚ್ಚು ಬಿರುಕು ಬಿಟ್ಟಾಗ ಆ ಸಂದಿಗೆ ಬೆಳ್ಳಿ ಹೊಕ್ಕು ಉಳಿದ ಗುರುತು. ಇದಕ್ಕಾಗಿ ದರ್ಜೆ ಇಳಿಸಬೇಕಾಗಿಲ್ಲ. ವಿಲಿಯಂ ಶೆಲ್ಡನ್ ದೊಡ್ಡ ತಾಮ್ರದ ಸೆಂಟುಗಳಿಗೆಂದು 1949ರಲ್ಲಿ ಪ್ರಕಟಿಸಿದ, ಈಗ ಬೇರೆ ನಾಣ್ಯಗಳಿಗೂ ಬಳಸುವ ಎಪ್ಪತ್ತರ ಅಳತೆಯಲ್ಲಿ ಇದನ್ನು ಎಕ್ಸ್‌ಎಫ್ 45, ಅಂದರೆ ‘ಎಯು’ಗಿಂತ ಒಂದು ಮೆಟ್ಟಿಲು ಕೆಳಗಿನ ‘ಅತಿ ಉತ್ತಮ’, ಎಂದು ಎಣಿಸಿ, ಗಂಧಕವಿಲ್ಲದ ಕಾಗದದ ಹೊಸ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: ‘1827, ಎಕ್ಸ್‌ಎಫ್ 45, ಘೋಷವಾಕ್ಯದಲ್ಲಿ ಏಟು ಸಾಲದು, ಮೇಲ್ಮೈ ಮುಟ್ಟಿಲ್ಲ.’