ಲಿವರ್ ಕ್ಯಾನ್ಸರ್ ಪುನಃ ಬಂದರೆ ಇನ್ನೇನು ಉಂಟು?

"ಡಾಕ್ಟ್ರೇ, ಆಪರೇಶನ್ ಮಾಡಿ ಗಡ್ಡೆ ತೆಗೆದಾಗಿದೆ. ಈಗ ಪುನಃ ಬಂದಿದೆಯಂತೆ. ಇನ್ನು ಮಾಡ್ಲಿಕ್ಕೆ ಏನಾದ್ರೂ ಉಂಟಾ?" ಮಂಗಳೂರಿನ ನಮ್ಮ ಒಪಿಡಿಯಲ್ಲಿ ಇದನ್ನು ಕೇಳುವವರು ಹೆಚ್ಚಾಗಿ ಜೊತೆಗೆ ಬಂದ ಮಗನೋ ಮಗಳೋ. ಅದೂ ರೋಗಿಯನ್ನು ಹೊರಗೆ ಕೂರಿಸಿ.

ಉಂಟು. ಆದರೆ ಆಪರೇಶನ್ ಸರಿಯಾಗಿಲ್ಲ ಅನ್ನುವ ಸಂಶಯವನ್ನು ಮೊದಲು ಬಿಡಿ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್, ಆಪರೇಶನ್ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ 5 ವರ್ಷದೊಳಗೆ ಮರಳುತ್ತದೆ. 2 ವರ್ಷದೊಳಗೆ ಬಂದರೆ ಅದು ಸಾಮಾನ್ಯವಾಗಿ ಹಳೆ ಗಡ್ಡೆಯಿಂದ ಮೊದಲೇ ಚದುರಿದ್ದು. ತಡವಾಗಿ ಬಂದದ್ದು ಹೆಚ್ಚಾಗಿ ಹೊಸ ಗಡ್ಡೆಯೇ. ಕಳೆ ಕಿತ್ತರೂ ಮಣ್ಣು ಅದೇ ಅಲ್ವಾ? ಸಿರೋಸಿಸ್ ಆದ, ಅಂದರೆ ಗಾಯದ ಕಲೆ ತುಂಬಿ ಹಾಳಾದ ಲಿವರ್ ಒಳಗೇ ಉಳಿದಿರುತ್ತದೆ.

ಹಾಗಾಗಿ ಗಡ್ಡೆಗೆ ಕೊಡುವಷ್ಟೇ ಗಮನ ಕೊಟ್ಟು ಉಳಿದ ಲಿವರನ್ನೂ ನಾನು ನೋಡುತ್ತೇನೆ. ಲಿವರ್ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆಗಳಲ್ಲಿ ಬಿಲಿರುಬಿನ್, ಅಲ್ಬುಮಿನ್, ಐಎನ್‌ಆರ್ ಎಷ್ಟಿದೆ? ಹೊಟ್ಟೆಯಲ್ಲಿ ನೀರು ತುಂಬಿದೆಯಾ? ಮಾತು ತಡವರಿಸುತ್ತದಾ? ಚಿಕಿತ್ಸೆ ತಡೆದುಕೊಳ್ಳಬೇಕಾದದ್ದು ಆ ಲಿವರೇ.

ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿದ್ದು ಗಡ್ಡೆ ಒಂದೇ ಇದ್ದರೆ ಮತ್ತೊಮ್ಮೆ ಆಪರೇಶನ್ ಆಗಬಹುದು. 3 ಸೆಂಟಿಮೀಟರ್ ಒಳಗಿದ್ದರೆ ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ಸೂಜಿ ಹಾಕಿ, ಅದರ ತುದಿಯ ಬಿಸಿಯಿಂದಲೇ ಸುಡುತ್ತಾರೆ. ಲಿವರ್ ಸೋತಿದ್ದು ಗಡ್ಡೆ ಚಿಕ್ಕದಿದ್ದರೆ ಲಿವರ್ ಕಸಿಯ ಮಾತು ಬರುತ್ತದೆ. ಮನೆಯವರೊಬ್ಬರು ಲಿವರ್‌ನ ಭಾಗ ಕೊಡಬಹುದು, ಇಲ್ಲವೇ ರಾಜ್ಯದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು.

ಗಡ್ಡೆಗಳು ಹಲವು ಇದ್ದರೆ ಟೇಸ್ (TACE) ಎಂಬ ಚಿಕಿತ್ಸೆ. ಆರೋಗ್ಯವಾಗಿರುವ ಲಿವರ್‌ಗೆ ಹೆಚ್ಚಿನ ರಕ್ತ ಕರುಳಿನ ಕಡೆಯ ರಕ್ತನಾಳದಿಂದ ಬರುತ್ತದೆ, ಗಡ್ಡೆಗೆ ಬರುವುದು ಅಪಧಮನಿಯಿಂದ. ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಆ ಅಪಧಮನಿಯ ಕವಲಿಗೇ ಕೀಮೋ ಬಿಟ್ಟು, ದಾರಿ ಮುಚ್ಚುತ್ತಾರೆ. ಗಡ್ಡೆ ಸೊರಗುತ್ತದೆ, ಲಿವರ್ ಬಹುಮಟ್ಟಿಗೆ ಉಳಿಯುತ್ತದೆ. ಈ ವ್ಯತ್ಯಾಸ ನಮ್ಮ ದೊಡ್ಡ ಅದೃಷ್ಟ ಎಂದೇ ನಾನು ಭಾವಿಸುತ್ತೇನೆ.

ಕ್ಯಾನ್ಸರ್ ದೊಡ್ಡ ರಕ್ತನಾಳಕ್ಕೋ ಶ್ವಾಸಕೋಶಕ್ಕೋ ಹೋಗಿದ್ದರೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ. ಅಟೆಝೋಲಿಝುಮಾಬ್, ಬೆವಾಸಿಝುಮಾಬ್ ಜೋಡಿಯನ್ನು 3 ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತೇವೆ. ಅದಕ್ಕೆ ಮೊದಲು ಎಂಡೋಸ್ಕೋಪಿ ಬೇಕು, ಅನ್ನನಾಳದ ಉಬ್ಬಿದ ರಕ್ತನಾಳಗಳಿಂದ ರಕ್ತಸ್ರಾವ ಆಗುವ ಭಯವಿದೆ. ಇಲ್ಲಿ ಗುಣವಾಗುತ್ತದೆ ಎಂದು ಭರವಸೆ ಕೊಡಲಾರೆ. ರೋಗವನ್ನು ಹಿಡಿದಿಟ್ಟು ದಿನಗಳನ್ನು ಹೆಚ್ಚಿಸಬಹುದು.

ನೆಲನೆಲ್ಲಿ ಕಷಾಯ, ನಾಟಿ ಮದ್ದು ಕುಡಿಯುತ್ತಿದ್ದರೆ ಅಡಗಿಸಬೇಡಿ, ನಾನು ಬೈಯುವುದಿಲ್ಲ. ಹೆಪಟೈಟಿಸ್ ಬಿ ಮಾತ್ರೆಯನ್ನು ಮಾತ್ರ ಸುಮ್ನೆ ನಿಲ್ಲಿಸಬೇಡಿ. ಬರುವಾಗ ರಿಪೋರ್ಟ್ ಒಂದೇ ಸಾಲದು, ಹಳೆ ಸಿಟಿ ಸ್ಕ್ಯಾನಿನ ಸಿಡಿಯನ್ನೂ ತನ್ನಿ. ರೋಗಿಯನ್ನೂ ಒಳಗೆ ಕರೆದುಕೊಂಡು ಬನ್ನಿ.