ನಗರದ ಕೋಟೆಯಿಂದ ರಿಪ್ಪನ್‌ಪೇಟೆಯವರೆಗೆ

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರದ ದಾರಿ ಹಿಡಿದಾಗ ಮಂಜು ಇನ್ನೂ ಕರಗಿರಲಿಲ್ಲ. ಅಡಿಕೆ ಕೊಯ್ಲಿನ ಕಾಲವಾದ್ದರಿಂದ ದಾರಿಯುದ್ದಕ್ಕೂ ಮನೆಯಂಗಳಗಳಿಂದ ಬೇಯುವ ಅಡಿಕೆಯ ಒಗರು ವಾಸನೆ ಬರುತ್ತಿತ್ತು. ನಾನು ಹೊರಟಿದ್ದುದು ಕೆಳದಿ ಅರಸರ ಕೊನೆಯ ರಾಜಧಾನಿಯಾಗಿದ್ದ ಬಿದನೂರಿಗೆ; 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಕರೆದ ಆ ಊರು ಈಗ ಬರೀ ನಗರ.

ಕೋಟೆಯ ಜಂಬಿಟ್ಟಿಗೆ ಗೋಡೆಗೆ ಕೈಯೂರಿದರೆ ಅಂಗೈಗೆ ತಣ್ಣನೆಯ ಹಾವಸೆ ತಾಗುತ್ತದೆ. ಕಲ್ಲಿನ ಸಂದಿನಲ್ಲಿ ಜರೀಗಿಡ ಬೇರೂರಿದೆ. ಮೇಲೆ ಹತ್ತಿ ನಿಂತು, ಮೈಸೂರಿನ ಸಿಂಹಾಸನ ಅಲುಗಾಡಿದ್ದು ಈ ಸೀಮೆಯಿಂದ ಎಂಬುದನ್ನು ನೆನೆದೆ.

ಗೊತ್ತುಮಾಡಿದ ಕಂದಾಯವನ್ನು ಹೇಗಾದರೂ ಎತ್ತಿಕೊಡುವೆನೆಂದು ಮೈಸೂರು ಒಡೆಯರ ಕಂದಾಯ ಅಧಿಕಾರಿಗಳಾದ ಅಮಲ್ದಾರರು ಮುಚ್ಚಳಿಕೆ ಬರೆದುಕೊಡುತ್ತಿದ್ದ ಶರತ್ತಿನ ಪದ್ಧತಿಯಲ್ಲಿ ಹಿಂಡಿಹೋದದ್ದು ರೈತನೇ. ಮೊರೆ ಕೇಳುವವರಿಲ್ಲದೆ, 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ನಗರದ ಗದ್ದುಗೆಗೆ ಹಕ್ಕು ಸಾಧಿಸಿದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಕೈಗೂಡಿಸಿದ. ಅಳಿದ ಅರಸೊತ್ತಿಗೆಯೊಂದು ಮರಳಿ ಬಂದರೆ ತಮ್ಮ ಬವಣೆ ತೀರೀತೆಂದು ಜನ ನಂಬಿದ್ದರೆ ಅದನ್ನು ಮೌಢ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಳದಿಯ ಅರಸ ಶಿವಪ್ಪ ನಾಯಕನ ಶಿಸ್ತು, ಎಂದರೆ ನೆಲದ ಗುಣ ನೋಡಿ ಕಂದಾಯ ಕಟ್ಟಿದ ಕ್ರಮ, ಮಲೆನಾಡಿನ ನೆನಪಿನಲ್ಲಿ ಇಂದಿಗೂ ಉಳಿದಿದೆ.

1831ರಲ್ಲಿ ಬ್ರಿಟಿಷ್ ಪಡೆಗಳು ನಗರವನ್ನು ಹಿಡಿದವು. ಕೆಳದಿಯ ಗದ್ದುಗೆ ಮರಳಲಿಲ್ಲ, ಇದ್ದ ಒಡೆಯರ ಅಧಿಕಾರವೂ ಉಳಿಯಲಿಲ್ಲ. ದುರಾಡಳಿತವನ್ನು ಕಾರಣವಾಗಿ ತೋರಿಸಿ ಗವರ್ನರ್ ಜನರಲ್ ಬೆಂಟಿಂಕ್ ಅದೇ ವರ್ಷ ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ. ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯಕ್ಕಾಗಿ ಮನವಿಯ ಮೇಲೆ ಮನವಿ ಸಲ್ಲಿಸುತ್ತಲೇ ಮೂವತ್ತೇಳು ವರ್ಷ ಕಳೆದು, 1868ರಲ್ಲಿ ತೀರಿಕೊಂಡರು. ಅವರ ದತ್ತುಪುತ್ರ, ಹದಿನೆಂಟರ ಹರೆಯದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ದೊರೆತದ್ದು 1881ರ ಮಾರ್ಚ್ 25ರಂದು. ಆದರೆ ಮರಳಿದ್ದು ಹಳೆಯ ದೊರೆತನವಲ್ಲ; ಕರಾರುಗಳಿಗೆ ಕಟ್ಟುಬಿದ್ದ ದೊರೆತನ. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಅರ್ಜಿ ಹೇಳಿಕೊಳ್ಳಲು ಅಂಥದೊಂದು ಸಭೆ 1830ರಲ್ಲಿಯೇ ಇದ್ದಿದ್ದರೆ ಎಂದು, ಕೋಟೆಯೊಳಗಿನ ಕೊಳದ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆ.

ಹಿಂದಿರುಗುವಾಗ ರಿಪ್ಪನ್‌ಪೇಟೆಯಲ್ಲಿ ಬಸ್ಸು ನಿಂತಿತು. ರಾಜ್ಯ ಒಪ್ಪಿಸಿದಾಗ ವೈಸರಾಯ್ ಆಗಿದ್ದವನು ಲಾರ್ಡ್ ರಿಪ್ಪನ್. ಈ ಊರು ಅವನ ಹೆಸರನ್ನೇ ಹೊತ್ತಿದೆ. ಕಿಟಕಿಯಾಚೆ ಅಡಿಕೆ ಮೂಟೆಗಳನ್ನು ಜೀಪಿನಿಂದ ಇಳಿಸುತ್ತಿದ್ದರು. ಕೂಟಕ್ಕೆ ಬಂದ ರೈತರಲ್ಲಿ ಒಬ್ಬನ ಹೆಸರನ್ನಾದರೂ ನೆನಪಿಸಿಕೊಳ್ಳಲು ನೋಡಿದೆ. ಬಸ್ಸು ಹೊರಡುವವರೆಗೂ ಒಂದೂ ಹೊಳೆಯಲಿಲ್ಲ.